ದೋಟಿಯ ಜಾಹೀರಾತು ಬೆನ್ನು ಬಿಡುತ್ತಿಲ್ಲ, ಯಾವ ಬ್ರೌಸರ್ ಹಾಕಲಿ?

ಪ್ರಶ್ನೆ: ನಮ್ಮದು ಶಿರಸಿ ಪೇಟೆಯಿಂದ ಸುಮಾರು ಒಳಗೆ, ತೋಟದ ಮನೆ. ನೆಟ್ ಇದೆ ಅಂದರೆ ಇದೆ, ಮಳೆಗಾಲದಲ್ಲಿ ಕರೆಂಟ್ ಹೋದರೆ ಅದೂ ಹೋಗುತ್ತದೆ. 4 ಜಿಬಿ ರ‍್ಯಾಮಿನ ಹಳೆ ಲ್ಯಾಪ್‌ಟಾಪ್ ಒಂದು, ನನ್ನದು, ಮನೆಯವರದ್ದು, ಅತ್ತೆಯವರದ್ದು ಸೇರಿ ಮೂರು ಆಂಡ್ರಾಯ್ಡ್ ಫೋನ್. ಎಲ್ಲದರಲ್ಲೂ ಕ್ರೋಮ್. ಕಳೆದ ತಿಂಗಳು ಒಂದೇ ಒಂದು ಸಲ ಅಡಿಕೆ ಕೊಯ್ಯುವ ಉದ್ದ ಕೋಲು, ಕಾರ್ಬನ್ ಫೈಬರ್ ದೋಟಿಯ ರೇಟು ನೋಡಿದ್ದೆ. ಅಂದಿನಿಂದ ಪೇಪರ್ ಓದಲು ಹೋದರೂ ದೋಟಿ, ಅಡುಗೆ ನೋಡಲು ಹೋದರೂ ದೋಟಿ. ಬೆಂಗಳೂರಿನಲ್ಲಿರುವ ಭಾವನ ಮಗ ಬ್ರೇವ್ ಹಾಕಿ ಅನ್ನುತ್ತಾನೆ. ಮಗಳು ಫೈರ್‌ಫಾಕ್ಸ್ ಅನ್ನುತ್ತಾಳೆ. ಮನೆಯವರು ಇನ್‌ಕಾಗ್ನಿಟೊದಲ್ಲಿ ನೋಡಿದರೆ ಸಾಕು ಅನ್ನುತ್ತಾರೆ. ಬ್ಯಾಂಕಿನ ಕೆಲಸವೂ ಇದರಲ್ಲೇ ಆಗಬೇಕು. ಯಾವುದು ಬೇಗ, ಯಾವುದು ಸುರಕ್ಷಿತ?

ಉತ್ತರ: ಗಡಿಬಿಡಿಯಲ್ಲಿದ್ದರೆ ಇಷ್ಟು ಓದಿ ಸಾಕು. ಲ್ಯಾಪ್‌ಟಾಪಿಗೆ ಫೈರ್‌ಫಾಕ್ಸ್, ಅದರೊಳಗೆ ಯುಬ್ಲಾಕ್ ಒರಿಜಿನ್ ಎಂಬ ಎಕ್ಸ್‌ಟೆನ್ಶನ್, ಅಂದರೆ ಜಾಹೀರಾತು ತಡೆಯಲು ಬ್ರೌಸರ್‌ಗೆ ಸೇರಿಸುವ ಸಣ್ಣ ಜೋಡಣೆ. ಮೂರೂ ಫೋನಿಗೆ ಬ್ರೇವ್. ಬ್ಯಾಂಕಿಗೆ ಈಗಿರುವ ಕ್ರೋಮ್ ಹಾಗೇ ಇರಲಿ, ತೆಗೆಯಬೇಡಿ. ಅಲ್ಲಿಗೆ ಮಗಳೂ ಗೆದ್ದಳು, ಭಾವನ ಮಗನೂ ಗೆದ್ದ. ನಿಮ್ಮ ಮನೆಯವರದ್ದು ಅರ್ಧ ಸರಿ, ಅದನ್ನು ಆಮೇಲೆ ಹೇಳುತ್ತೇನೆ.

ಈಗ ಯಾಕೆ ಅನ್ನುವುದು. ನೀವು ಬೇಗ ಯಾವುದು, ಸುರಕ್ಷಿತ ಯಾವುದು ಎಂದು ಎರಡು ಪ್ರಶ್ನೆ ಕೇಳಿದ್ದೀರಿ. ನಿಮ್ಮಂಥ ಜಾಗದಲ್ಲಿ ಅವೆರಡೂ ಒಂದೇ ಪ್ರಶ್ನೆ. ದೋಟಿಯನ್ನು ನಿಮ್ಮ ಬೆನ್ನಿಗೆ ಹಚ್ಚಿದವರು ಯಾರೋ, ನಿಮ್ಮ ನೆಟ್ ತಿನ್ನುತ್ತಿರುವವರೂ ಅವರೇ. ಬೆಂಗಳೂರಿನಲ್ಲಿ ಫೈಬರ್ ಕನೆಕ್ಷನ್ ಇಟ್ಟುಕೊಂಡು ಬ್ರೌಸರ್ ಹೋಲಿಸುವವರಿಗೆ ಇದು ಗೊತ್ತಾಗುವುದೇ ಇಲ್ಲ, ಯಾಕೆಂದರೆ ಅಲ್ಲಿ ಎಷ್ಟು ಕಸ ಬಂದರೂ ಕಣ್ಣು ಮಿಟುಕಿಸುವುದರೊಳಗೆ ಬಂದುಬಿಡುತ್ತದೆ. ಎರಡು ಕಡ್ಡಿ ಸಿಗ್ನಲ್ ಇರುವಲ್ಲಿ ಕಸದ ಭಾರ ಗೊತ್ತಾಗುತ್ತದೆ.

ನಾನು ಕುಮಟಾದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು. ಅಂಗಡಿಗೆ ಬರುವವರಲ್ಲಿ ಅರ್ಧ ಜನ "ಗೂಗಲ್ ಓಪನ್ ಆಗ್ತಾ ಇಲ್ಲ ಮಾರಾಯ್ರೆ" ಅನ್ನುತ್ತಾರೆ. ಅವರು ಹೇಳುತ್ತಿರುವುದು ಕ್ರೋಮ್ ಬಗ್ಗೆ. ಗೂಗಲ್ ಅಂದರೆ ಹುಡುಕುವ ಜಾಗ, ಕ್ರೋಮ್ ಅಂದರೆ ಅಲ್ಲಿಗೆ ಹೋಗುವ ಗಾಡಿ. ಎರಡೂ ಒಂದೇ ಕಂಪನಿಯದ್ದು ಅನ್ನುವುದು ನಿಜ, ಆದರೆ ಬೇರೆ ಗಾಡಿಯಲ್ಲೂ ಗೂಗಲ್‌ಗೆ ಹೋಗಬಹುದು. ಇದು ಗೊತ್ತಿಲ್ಲದೆ "ಕ್ರೋಮ್ ಬಿಟ್ಟರೆ ಗೂಗಲ್ ಹೋಗಿಬಿಡುತ್ತದೆ" ಎಂದು ಹೆದರುವವರು ತುಂಬಾ ಜನ.

ಇನ್ನು ಗಾಡಿಗಳ ವಿಷಯ. ಹೆಸರು ಹತ್ತಾರು ಇದ್ದರೂ ಒಳಗಿನ ಇಂಜಿನ್ ಮೂರೇ. ಗೂಗಲ್‌ನ ಬ್ಲಿಂಕ್ ಇಂಜಿನ್ ಕ್ರೋಮ್‌ನಲ್ಲಿದೆ, ಬ್ರೇವ್‌ನಲ್ಲಿದೆ, ಒಪೆರಾದಲ್ಲಿದೆ, ವಿವಾಲ್ಡಿಯಲ್ಲಿದೆ, ಸ್ಯಾಮ್‌ಸಂಗ್ ಫೋನಿನ ಜೊತೆ ಬರುವ ಬ್ರೌಸರ್‌ನಲ್ಲೂ ಇದೆ. ಮೈಕ್ರೋಸಾಫ್ಟ್ ಕೂಡ ತನ್ನದೇ ಇಂಜಿನ್ ಬಿಟ್ಟು 2020ರ ಜನವರಿಯಿಂದ ಎಡ್ಜ್‌ಗೆ ಇದನ್ನೇ ಕೂರಿಸಿತು. ಎರಡನೆಯದು ಮೊಜಿಲ್ಲಾದ ಗೆಕೊ, ಅದು ಫೈರ್‌ಫಾಕ್ಸ್‌ನಲ್ಲಿ. ಮೂರನೆಯದು ಆಪಲ್‌ನ ವೆಬ್‌ಕಿಟ್, ಅದು ಸಫಾರಿಯಲ್ಲಿ. ನಮ್ಮ ದೇಶದ ಐಫೋನ್‌ಗಳಲ್ಲಿ ಯಾವ ಬ್ರೌಸರ್ ಹಾಕಿದರೂ ಒಳಗೆ ಓಡುವುದು ವೆಬ್‌ಕಿಟ್ಟೇ. ಸಫಾರಿಗೆ ಕ್ರೋಮ್ ಅಂಗಿ ತೊಡಿಸಿದ ಹಾಗೆ. ಹೀಗಾಗಿ ಕ್ರೋಮ್ ಬೇಗವೋ ಎಡ್ಜ್ ಬೇಗವೋ ಎಂದು ಜಗಳ ಆಡುವುದು ಒಂದೇ ಇಂಜಿನ್ನಿನ ಎರಡು ಬಸ್ಸಿನ ಬಣ್ಣದ ಬಗ್ಗೆ ಜಗಳ ಆಡಿದ ಹಾಗೆ.

ಇಂಜಿನ್ ಅಳೆಯಲು ಪರೀಕ್ಷೆಗಳಿವೆ. ಸ್ಪೀಡೋಮೀಟರ್ ಅನ್ನುವುದು ಅವುಗಳಲ್ಲಿ ಹೆಸರಾದದ್ದು. ಅದರ ಮೂರನೇ ಆವೃತ್ತಿ 2024ರ ಮಾರ್ಚ್‌ನಲ್ಲಿ ಬಂತು, ಆಪಲ್, ಗೂಗಲ್, ಮೈಕ್ರೋಸಾಫ್ಟ್, ಮೊಜಿಲ್ಲಾ ಎಲ್ಲರೂ ಸೇರಿ ಮಾಡಿದ್ದು. ಅಂಥ ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಬ್ಲಿಂಕ್ ಇಂಜಿನ್ನಿನವು ಫೈರ್‌ಫಾಕ್ಸ್‌ಗಿಂತ ಸ್ವಲ್ಪ ಮುಂದೆ ಇರುತ್ತವೆ. ಇರಲಿ. ಆ ವ್ಯತ್ಯಾಸ ಇರುವುದು ಮಿಲಿಸೆಕೆಂಡ್ ಲೆಕ್ಕದಲ್ಲಿ. ನಿಮ್ಮ ಮನೆಯಲ್ಲಿ ಒಂದು ಪೇಜು ತೆರೆಯಲು ಅರ್ಧ ನಿಮಿಷ ಹಿಡಿಯುತ್ತದೆ ಅಂತಾದರೆ ಅದರಲ್ಲಿ ಇಂಜಿನ್ನಿನ ಪಾಲು ಊಟದಲ್ಲಿ ಉಪ್ಪಿನಕಾಯಿಯಷ್ಟು.

ಹಾಗಾದರೆ ಆ ಅರ್ಧ ನಿಮಿಷ ಎಲ್ಲಿಗೆ ಹೋಯಿತು? ನೀವೇ ನೋಡಬಹುದು, ಐದು ನಿಮಿಷದ ಕೆಲಸ. ಲ್ಯಾಪ್‌ಟಾಪಿನಲ್ಲಿ ಅಡಿಕೆ ಧಾರಣೆ ಹಾಕುವ ಯಾವುದಾದರೂ ಸುದ್ದಿ ಪೇಜು ತೆರೆಯಿರಿ. ಕೀಬೋರ್ಡಿನ ಮೇಲಿನ ಸಾಲಿನಲ್ಲಿರುವ ಎಫ್12 ಒತ್ತಿ. ಪಕ್ಕದಲ್ಲೋ ಕೆಳಗೋ ಒಂದು ಡಬ್ಬಿ ತೆರೆದುಕೊಳ್ಳುತ್ತದೆ, ನೋಡಿದರೆ ತಲೆ ತಿರುಗುತ್ತದೆ, ಹೆದರಬೇಡಿ, ಏನೂ ಹಾಳಾಗುವುದಿಲ್ಲ. ಅದರಲ್ಲಿ ನೆಟ್‌ವರ್ಕ್ ಅನ್ನುವುದನ್ನು ಒತ್ತಿ ಪೇಜನ್ನು ರಿಫ್ರೆಶ್ ಮಾಡಿ. ಸಾಲು ಸಾಲಾಗಿ ಇರುವೆ ಹೊರಟ ಹಾಗೆ ಹೆಸರುಗಳು ಇಳಿಯುತ್ತವೆ. ಒಂದೊಂದು ಸಾಲು ಅಂದರೆ ನಿಮ್ಮ ಲ್ಯಾಪ್‌ಟಾಪ್ ಹೊರಗೆ ಕೇಳಿದ ಒಂದೊಂದು ಸಾಮಾನು. ಕೆಳಗಿನ ಅಂಚಿನಲ್ಲಿ ಒಟ್ಟು ಎಷ್ಟು ಸಾಮಾನು, ಎಷ್ಟು ಎಂಬಿ, ಎಷ್ಟು ಹೊತ್ತು ಎಂಬ ಲೆಕ್ಕ ಇರುತ್ತದೆ. ನಿಮಗೆ ಬೇಕಾಗಿದ್ದು ಏನು? ಚಾಲಿ ಎಷ್ಟು, ರಾಶಿ ಎಷ್ಟು, ಬೆಟ್ಟೆ ಎಷ್ಟು, ನಾಲ್ಕು ಸಾಲು. ಬಂದದ್ದು ಎಷ್ಟು ನೋಡಿ. ಆ ಪಟ್ಟಿಯಲ್ಲಿ ಆ ಪತ್ರಿಕೆಯ ಸ್ವಂತ ವಿಳಾಸದಿಂದ ಬಂದದ್ದು ಎಷ್ಟು, ಹೆಸರೇ ಕೇಳಿರದ ವಿಳಾಸಗಳಿಂದ ಬಂದದ್ದು ಎಷ್ಟು ಎಂದೂ ನೋಡಿ. ಆಮೇಲೆ ಫೈರ್‌ಫಾಕ್ಸ್‌ನಲ್ಲಿ ಯುಬ್ಲಾಕ್ ಹಾಕಿ ಅದೇ ಪೇಜಿಗೆ ಇದೇ ಲೆಕ್ಕ ಹಾಕಿ. ನಾನು ಮಾಡಿ ನೋಡಿದ ಪೇಜುಗಳಲ್ಲಿ ಹೆಚ್ಚಿನವು ಅರ್ಧಕ್ಕಿಂತ ಕೆಳಗೆ ಇಳಿದವು.

ಇಲ್ಲಿ ಎಂಬಿಗಿಂತ ಮುಖ್ಯವಾದ ಒಂದು ವಿಷಯ ಇದೆ, ಅದನ್ನು ಯಾರೂ ಹೇಳುವುದಿಲ್ಲ. ಒಂದು ಹೊಸ ವಿಳಾಸದಿಂದ ಏನಾದರೂ ತರಬೇಕು ಅಂದರೆ ಬ್ರೌಸರ್ ಮೊದಲು ಆ ವಿಳಾಸ ಎಲ್ಲಿದೆ ಎಂದು ಕೇಳಬೇಕು. ಉತ್ತರ ಬರಬೇಕು. ಆಮೇಲೆ ಅಲ್ಲಿಗೆ ಹೋಗಿ ಬಾಗಿಲು ತಟ್ಟಬೇಕು. ಆಮೇಲೆ ಬೀಗದ ಕೈ ಹಂಚಿಕೊಳ್ಳಬೇಕು. ಇಷ್ಟಾದ ಮೇಲೆ ಸಾಮಾನು. ಅಂದರೆ ಸಾಮಾನು ಸಾಸಿವೆಯಷ್ಟಿದ್ದರೂ ಮೂರು ನಾಲ್ಕು ಸಲ ಹೋಗಿ ಬರುವುದು ತಪ್ಪಿದ್ದಲ್ಲ. ನೆಟ್ ಗಟ್ಟಿಯಿದ್ದಲ್ಲಿ ಈ ಓಡಾಟ ಗೊತ್ತಾಗುವುದಿಲ್ಲ. ಮಳೆ ಹೊಡೆಯುತ್ತಿರುವಾಗ ಜಗುಲಿಯ ಮೂಲೆಯಲ್ಲಿ ಫೋನ್ ಎತ್ತಿ ಹಿಡಿದುಕೊಂಡು ನಿಂತವರಿಗೆ ಒಂದೊಂದು ಓಡಾಟವೂ ಗೊತ್ತಾಗುತ್ತದೆ. ಉಪ್ಪಿಗೆ ಒಂದು ಸಲ, ಬೆಲ್ಲಕ್ಕೆ ಒಂದು ಸಲ, ಬೆಂಕಿಪೆಟ್ಟಿಗೆಗೆ ಒಂದು ಸಲ ಎಂದು ಶಿರಸಿ ಪೇಟೆಗೆ ಹೋಗಿ ಬಂದ ಹಾಗೆ. ಜಾಹೀರಾತು ತಡೆಯುವ ಬ್ರೌಸರ್ ಹಳ್ಳಿಯಲ್ಲಿ ಜಾಸ್ತಿ ಬೇಗ ಅನ್ನಿಸುವುದು ಇದಕ್ಕೇ.

ಇನ್ನು ದೋಟಿಯ ಕತೆ. ಅದು ಹೇಗೆ ಬೆನ್ನು ಹತ್ತುತ್ತದೆ ಅಂದರೆ, ಮಾರಿಕಾಂಬಾ ಜಾತ್ರೆ ನೆನಪಿಸಿಕೊಳ್ಳಿ. ನೂರು ಅಂಗಡಿ ಇವೆ, ಅಂಗಡಿಯವರು ಬೇರೆ ಬೇರೆ. ಆದರೆ ಪ್ರತಿ ಅಂಗಡಿಯ ಮೂಲೆಯಲ್ಲೂ ಒಬ್ಬನೇ ಕಂಟ್ರಾಕ್ಟರನ ಹುಡುಗ ಪುಸ್ತಕ ಹಿಡಿದು ಕೂತಿದ್ದಾನೆ ಅಂದುಕೊಳ್ಳಿ. ನೀವು ಮೊದಲ ಅಂಗಡಿಗೆ ಹೋದಾಗ ಅವನು ನಿಮ್ಮ ಸೆರಗಿಗೆ ಒಂದು ನಂಬರ್ ಚೀಟಿ ಅಂಟಿಸುತ್ತಾನೆ. ಹೆಸರು ಕೇಳುವುದಿಲ್ಲ. ಬಳೆ ಅಂಗಡಿಯಲ್ಲಿ ಏನು ನೋಡಿದಿರಿ, ಪಾತ್ರೆ ಅಂಗಡಿಯಲ್ಲಿ ಏನು ಕೇಳಿದಿರಿ, ಎಲ್ಲ ಆ ನಂಬರಿನ ಕೆಳಗೆ ಬರೆದುಕೊಳ್ಳುತ್ತಾನೆ. ಜಾತ್ರೆ ಮುಗಿಯುವುದರೊಳಗೆ ನಿಮ್ಮ ಮನೆಯಲ್ಲಿ ಏನಿಲ್ಲ ಅನ್ನುವುದು ನಿಮಗಿಂತ ಚೆನ್ನಾಗಿ ಅವನಿಗೆ ಗೊತ್ತು. ಈ ಚೀಟಿಗೇ ಥರ್ಡ್ ಪಾರ್ಟಿ ಕುಕಿ ಅನ್ನುವುದು. ದೋಟಿ ಮಾರುವ ಸೈಟಿನಲ್ಲೂ, ನೀವು ಓದುವ ಪೇಪರಿನಲ್ಲೂ, ಅಡುಗೆ ಪೇಜಿನಲ್ಲೂ ಕೂತಿದ್ದವನು ಅದೇ ಹುಡುಗ. ಮರ ಹತ್ತಿ ಅಡಿಕೆ ಕೊಯ್ಯುವ ಕೊನೆಗೌಡ ಸಿಗದೆ ದೋಟಿ ಹುಡುಕುವ ಕಷ್ಟ ಅವನಿಗೆ ಬೇಕಾಗಿಲ್ಲ, ಅವನಿಗೆ ನಂಬರ್ ಬೇಕು ಅಷ್ಟೇ.

ಬ್ರೌಸರ್‌ಗಳಲ್ಲಿ ನಿಜವಾದ ವ್ಯತ್ಯಾಸ ಇರುವುದು ಈ ಹುಡುಗನನ್ನು ಏನು ಮಾಡುತ್ತವೆ ಅನ್ನುವಲ್ಲಿ. ಸಫಾರಿ 2020ರ ಮಾರ್ಚ್‌ನಲ್ಲೇ ಇಂಥ ಚೀಟಿಗಳನ್ನು ಪೂರ್ತಿ ನಿಲ್ಲಿಸಿತು. ಬ್ರೇವ್ ಹುಡುಗನನ್ನು ಅಂಗಡಿಯೊಳಗೇ ಬಿಡುವುದಿಲ್ಲ. ಫೈರ್‌ಫಾಕ್ಸ್ 2022ರ ಜೂನ್‌ನಿಂದ ಒಂದು ಚಂದದ ಉಪಾಯ ಮಾಡಿದೆ: ಪ್ರತಿ ಅಂಗಡಿಯಲ್ಲೂ ಅವನಿಗೆ ಬೇರೆ ಬೇರೆ ಪುಸ್ತಕ ಕೊಡುತ್ತದೆ, ಒಂದನ್ನು ಇನ್ನೊಂದರ ಜೊತೆ ತಾಳೆ ನೋಡಲು ಬಿಡುವುದಿಲ್ಲ. ಅವನು ಬರೆಯುತ್ತಾನೆ, ಆದರೆ ಬರೆದದ್ದು ಉಪಯೋಗಕ್ಕೆ ಬರುವುದಿಲ್ಲ. ಕ್ರೋಮ್? ಎರಡು ವರ್ಷದಲ್ಲಿ ನಿಲ್ಲಿಸುತ್ತೇವೆ ಎಂದು ಗೂಗಲ್ 2020ರ ಜನವರಿಯಲ್ಲಿ ಹೇಳಿತ್ತು. ಮುಂದೂಡಿತು, ಮತ್ತೆ ಮುಂದೂಡಿತು, 2024ರ ಜುಲೈನಲ್ಲಿ ಆ ಯೋಜನೆಯನ್ನೇ ಕೈಬಿಟ್ಟಿತು. ಗೂಗಲ್‌ಗೆ ಅನ್ನ ಹಾಕುವುದೇ ಜಾಹೀರಾತು. ಅವರಿಂದ ಅದನ್ನು ನಿರೀಕ್ಷಿಸಿದ್ದೇ ನಮ್ಮ ತಪ್ಪು ಅನ್ನಿಸುತ್ತದೆ ನನಗೆ. ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ನೀವೇ ಹೋಗಿ ಥರ್ಡ್ ಪಾರ್ಟಿ ಕುಕಿ ಬಂದ್ ಮಾಡಬಹುದು, ಆ ಅವಕಾಶ ಇದೆ. ಆದರೆ ಎಷ್ಟು ಜನ ಹೋಗುತ್ತಾರೆ?

ಇದಕ್ಕೆ ಇನ್ನೊಂದು ಸೇರಿಕೊಂಡಿದೆ. ಯುಬ್ಲಾಕ್ ಒರಿಜಿನ್ ಮೊದಲು ಕ್ರೋಮ್‌ನಲ್ಲೂ ಓಡುತ್ತಿತ್ತು. ಎಕ್ಸ್‌ಟೆನ್ಶನ್‌ಗಳ ನಿಯಮವನ್ನು ಗೂಗಲ್ ಬದಲಾಯಿಸಿತು, 2025ರಲ್ಲಿ ಅದು ಕ್ರೋಮ್‌ನಲ್ಲಿ ನಿಂತೇಹೋಯಿತು. ಸುರಕ್ಷತೆಗಾಗಿ ಮಾಡಿದ್ದು ಎಂದು ಅವರು ಹೇಳುತ್ತಾರೆ, ಅದರಲ್ಲಿ ಸ್ವಲ್ಪ ಸತ್ಯವೂ ಇದೆ. ಈಗ ಕ್ರೋಮ್‌ನಲ್ಲಿ ಸಿಗುವುದು ಯುಬ್ಲಾಕ್ ಒರಿಜಿನ್ ಲೈಟ್. ಇಲ್ಲದ್ದಕ್ಕಿಂತ ವಾಸಿ, ಆದರೆ ಪೂರ್ತಿ ಕೈಕಾಲು ಇರುವುದು ಫೈರ್‌ಫಾಕ್ಸ್‌ನದ್ದೇ. ಮಗಳ ಮಾತು ಒಪ್ಪಿದ್ದು ಇದಕ್ಕೆ.

ಹಾಗೆಂದು ಫೈರ್‌ಫಾಕ್ಸ್, ಬ್ರೇವ್ ಎರಡೂ ದೇವರಲ್ಲ. ಮೊಜಿಲ್ಲಾದ ಆದಾಯದ ಬಹುಪಾಲು ಬರುವುದು ಗೂಗಲ್‌ನಿಂದಲೇ, ಹುಡುಕುವ ಜಾಗ ಗೂಗಲ್ ಎಂದು ಮೊದಲೇ ಇಟ್ಟುಕೊಡುವುದಕ್ಕೆ. ಬ್ರೇವ್ 2020ರಲ್ಲಿ ಸಿಕ್ಕಿಬಿದ್ದಿತ್ತು: ಜನ ಕೆಲವು ಕ್ರಿಪ್ಟೊ ಸೈಟುಗಳ ವಿಳಾಸ ಟೈಪ್ ಮಾಡುವಾಗ ತನಗೆ ಕಮಿಷನ್ ಬರುವ ಬಾಲ ಸೇರಿಸುತ್ತಿತ್ತು. ಗಲಾಟೆಯಾದ ಮೇಲೆ ತೆಗೆದರು. ಈಗಲೂ ಬ್ರೇವ್ ಹಾಕಿದ ತಕ್ಷಣ ರಿವಾರ್ಡ್ಸ್, ವಾಲೆಟ್ ಎಂದು ಏನೇನೋ ಕಾಣುತ್ತದೆ. ಅದನ್ನೆಲ್ಲ ಮುಟ್ಟಬೇಡಿ, ಸೆಟ್ಟಿಂಗ್ಸ್‌ಗೆ ಹೋಗಿ ಅಡಗಿಸಿಬಿಡಿ.

ಬ್ರೌಸರ್ ತಾನೇ ತನ್ನ ಕಂಪನಿಗೆ ಏನು ಸುದ್ದಿ ಕಳಿಸುತ್ತದೆ ಅನ್ನುವುದು ಬೇರೆ ವಿಷಯ. 2020ರಲ್ಲಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಪ್ರೊಫೆಸರ್ ಡಗ್ಲಸ್ ಲೀತ್ ಆರು ಬ್ರೌಸರ್‌ಗಳನ್ನು ಹೊಸದಾಗಿ ಹಾಕಿ, ಯಾವ ಸೆಟ್ಟಿಂಗೂ ಮುಟ್ಟದೆ, ಅವು ಮನೆಗೆ ಏನು ಕಳಿಸುತ್ತವೆ ಎಂದು ಕೂತು ನೋಡಿದರು. ಬ್ರೇವ್ ಎಲ್ಲಕ್ಕಿಂತ ಕಡಿಮೆ ಕಳಿಸಿತು. ಕ್ರೋಮ್, ಫೈರ್‌ಫಾಕ್ಸ್, ಸಫಾರಿ ನಡುವಿನ ಗುಂಪು. ಎಡ್ಜ್ ಮತ್ತು ರಷ್ಯಾದ ಯಾಂಡೆಕ್ಸ್ ಕೊನೆಗೆ ಬಂದವು, ಯಾಕೆಂದರೆ ಅವು ಯಂತ್ರಕ್ಕೇ ಅಂಟಿಕೊಂಡ ಗುರುತನ್ನು ಕಳಿಸುತ್ತಿದ್ದವು, ಬ್ರೌಸರ್ ತೆಗೆದು ಮತ್ತೆ ಹಾಕಿದರೂ ಆ ಗುರುತು ಬದಲಾಗದು. ಇದು ಹಳೆಯ ಲೆಕ್ಕ, ಆಮೇಲೆ ಎಲ್ಲವೂ ಬದಲಾಗಿವೆ. ಆದರೆ ಅದರಲ್ಲಿ ಒಂದು ಅಂಶ ನಿಮಗೆ ಈಗಲೂ ಬೇಕು. ಬ್ರೌಸರ್‌ನ ಮೇಲ್ಗಡೆ ವಿಳಾಸ ಬರೆಯುವ ಪಟ್ಟಿಯಲ್ಲಿ ನೀವು ಕೊಳೆ ಮದ್ದು ಎಂದು ಬರೆಯಲು ಹೊರಟರೆ ಕೊ ಬರೆದಾಗಲೇ ಅದು ಹುಡುಕುವ ಕಂಪನಿಗೆ ಹೋಗಿರುತ್ತದೆ, ಅದಕ್ಕೇ ಕೆಳಗೆ ಸಲಹೆಗಳು ಬರುವುದು. ಬರೆದು, ನಾಚಿಕೊಂಡು, ಅಳಿಸಿ, ಎಂಟರ್ ಒತ್ತದೇ ಬಿಟ್ಟರೂ ಹೋದದ್ದು ಹೋಯಿತು. ಸರ್ಚ್ ಸಜೆಶನ್ಸ್ ಎಂದು ಸೆಟ್ಟಿಂಗ್ ಇರುತ್ತದೆ, ಬಂದ್ ಮಾಡಿ. ನಿಧಾನದ ನೆಟ್ಟಿಗೂ ಅದು ಒಳ್ಳೆಯದೇ.

ಕುಕಿ ಇಲ್ಲದೆಯೂ ಗುರುತು ಹಿಡಿಯುವ ದಾರಿ ಇದೆ. ನಿಮ್ಮ ಸ್ಕ್ರೀನಿನ ಅಳತೆ, ಭಾಷೆ, ಕಂಪ್ಯೂಟರಿನಲ್ಲಿರುವ ಫಾಂಟುಗಳು, ಇವನ್ನೆಲ್ಲ ಸೇರಿಸಿ ಒಂದು ಹೆಬ್ಬೆಟ್ಟಿನ ಗುರುತು ಮಾಡುತ್ತಾರೆ. ನಮ್ಮಲ್ಲಿ ಇದು ಇನ್ನೂ ಸುಲಭ. ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೇ ಫಾಂಟುಗಳು ಇರುವ ಕಂಪ್ಯೂಟರ್ ಪ್ರಪಂಚದಲ್ಲಿ ಎಷ್ಟಿದ್ದಾವು ಹೇಳಿ! ಕನ್ನಡ ಟೈಪ್ ಮಾಡುವವರು ಎಂದು ಅಲ್ಲೇ ಸಿಕ್ಕಿಬೀಳುತ್ತೀರಿ. ಸಫಾರಿ ಯಂತ್ರದ ಜೊತೆ ಬಂದ ಫಾಂಟುಗಳನ್ನಷ್ಟೇ ಸೈಟುಗಳಿಗೆ ತೋರಿಸುತ್ತದೆ. ಬ್ರೇವ್ ಕೆಲವು ಉತ್ತರಗಳನ್ನು ಬೇಕೆಂದೇ ಸ್ವಲ್ಪ ಹೆಚ್ಚು ಕಡಿಮೆ ಮಾಡಿ ಕೊಡುತ್ತದೆ. ನಿಮ್ಮ ಮಟ್ಟಿಗೆ ಇಷ್ಟು ಸಾಕು. ಇದಕ್ಕೂ ಮುಂದೆ ಹೋಗಬೇಕು ಅನ್ನುವವರಿಗೆ ಟಾರ್ ಬ್ರೌಸರ್ ಇದೆ, ಅದು ಪ್ರತಿ ಪೇಜನ್ನೂ ಮೂರು ಕಡೆ ಸುತ್ತಿಸಿ ತರುತ್ತದೆ, ನಿಮ್ಮ ನೆಟ್ಟಿನಲ್ಲಿ ಪೇಜು ಬರುವಷ್ಟರಲ್ಲಿ ಹಾಲು ಕರೆದು ಬರಬಹುದು. ಬೇಡ.

ಈಗ ಮನೆಯವರ ಇನ್‌ಕಾಗ್ನಿಟೊ. ಅದು ಮಾಡುವುದು ಇಷ್ಟು: ಕಿಟಕಿ ಮುಚ್ಚಿದಾಗ ಹಿಸ್ಟರಿ, ಕುಕಿ, ಬರೆದ ಫಾರಂ ಎಲ್ಲ ಆ ಯಂತ್ರದಿಂದ ಅಳಿಸುತ್ತದೆ. ಕ್ರೋಮ್‌ನ ಇನ್‌ಕಾಗ್ನಿಟೊ ಥರ್ಡ್ ಪಾರ್ಟಿ ಕುಕಿಯನ್ನೂ ತಡೆಯುತ್ತದೆ. ಹಾಗಾಗಿ ದೋಟಿಯನ್ನು ಅದರಲ್ಲಿ ನೋಡಿದ್ದರೆ ಬೆನ್ನು ಹತ್ತುವ ಸಾಧ್ಯತೆ ಕಡಿಮೆ ಇತ್ತು, ಅಷ್ಟರಮಟ್ಟಿಗೆ ಅವರು ಹೇಳಿದ್ದು ಸರಿ. ಆದರೆ ನೆಟ್ ಕೊಡುವ ಕಂಪನಿಗೆ ನೀವು ಯಾವ ಸೈಟಿಗೆ ಹೋದಿರಿ ಅನ್ನುವುದು ಗೊತ್ತಾಗುತ್ತದೆ. ಸೈಟಿಗೂ ನೀವು ಬಂದದ್ದು ಗೊತ್ತಾಗುತ್ತದೆ. ಒಳಗೆ ಹೋಗಿ ಲಾಗಿನ್ ಆದರಂತೂ ಮುಗಿದೇಹೋಯಿತು. ಡೌನ್‌ಲೋಡ್ ಮಾಡಿದ ಫೈಲು ಅಲ್ಲೇ ಉಳಿಯುತ್ತದೆ. ಇದೇ ವಿಷಯಕ್ಕೆ ಅಮೆರಿಕದಲ್ಲಿ 2020ರಲ್ಲಿ ಗೂಗಲ್ ಮೇಲೆ ಕೇಸು ಬಿತ್ತು, ಜನ ಇನ್‌ಕಾಗ್ನಿಟೊ ಎಂದು ನಂಬಿ ನೋಡಿದ್ದರ ಲೆಕ್ಕವನ್ನೂ ಇಟ್ಟುಕೊಂಡಿದ್ದೀರಿ ಎಂದು. 2024ರಲ್ಲಿ ರಾಜಿಯಾಗಿ ಕೋಟಿಗಟ್ಟಲೆ ದಾಖಲೆ ಅಳಿಸಲು ಗೂಗಲ್ ಒಪ್ಪಿತು. ಇನ್‌ಕಾಗ್ನಿಟೊ ನಿಜಕ್ಕೂ ಉಪಯೋಗ ಇರುವುದು ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ. ಆಧಾರ್ ಪ್ರಿಂಟ್ ತೆಗೆಯಬೇಕು, ಮಗಳ ಹಾಲ್ ಟಿಕೆಟ್ ತೆಗೆಯಬೇಕು, ಇಮೇಲ್ ತೆರೆಯಬೇಕು ಅಂದಾಗ "ಇನ್‌ಕಾಗ್ನಿಟೊದಲ್ಲಿ ತೆರೆಯಪ್ಪಾ" ಎಂದು ಅಂಗಡಿಯ ಹುಡುಗನಿಗೆ ಹೇಳಿ. ಡೌನ್‌ಲೋಡ್ ಫೋಲ್ಡರಿನಿಂದ ಆಧಾರ್ ಡಿಲೀಟ್ ಮಾಡಿಸಿಕೊಂಡೇ ಏಳಿ. ಎಷ್ಟೋ ಅಂಗಡಿಗಳ ಡೆಸ್ಕ್‌ಟಾಪ್ ರಿಪೇರಿಗೆ ಬಂದಾಗ ಅರ್ಧ ತಾಲ್ಲೂಕಿನ ಆಧಾರ್ ಅದರಲ್ಲಿ ಬಿದ್ದಿರುವುದು ನೋಡಿದ್ದೇನೆ.

4 ಜಿಬಿ ಲ್ಯಾಪ್‌ಟಾಪಿನ ವಿಷಯ ಸ್ವಲ್ಪ ಹೇಳಬೇಕು. ಕ್ರೋಮ್ ರ‍್ಯಾಮ್ ತಿನ್ನುತ್ತದೆ ಎಂದು ಎಲ್ಲರೂ ಬೈಯುತ್ತಾರೆ. ಅದಕ್ಕೆ ಕಾರಣ ಇದೆ. 2018ರಲ್ಲಿ ಸ್ಪೆಕ್ಟರ್ ಎಂಬ ದೊಡ್ಡ ದೋಷ ಪ್ರೊಸೆಸರ್‌ಗಳಲ್ಲೇ ಸಿಕ್ಕಿತು. ಒಂದು ಸೈಟು ಪಕ್ಕದ ಸೈಟಿನ ಗುಟ್ಟು ಕದಿಯಬಹುದು ಎಂದಾಯಿತು. ಆಗ ಕ್ರೋಮ್ ಪ್ರತಿ ಸೈಟಿಗೂ ಬೇರೆ ಕೋಣೆ ಕಟ್ಟಿತು, ಅದರಿಂದ ರ‍್ಯಾಮ್ ಖರ್ಚು ಶೇ 10ರಿಂದ 13ರಷ್ಟು ಜಾಸ್ತಿಯಾಯಿತು ಎಂದು ಗೂಗಲ್ಲೇ ಹೇಳಿತು. ಫೈರ್‌ಫಾಕ್ಸ್ ಕೂಡ ಆಮೇಲೆ ಅದನ್ನೇ ಮಾಡಿತು. ಹೀಗಾಗಿ ರ‍್ಯಾಮ್ ವಿಷಯದಲ್ಲಿ ಯಾವುದೂ ಸಾಧು ಅಲ್ಲ. ಬಳಸದೆ ಬಿಟ್ಟ ಟ್ಯಾಬ್‌ಗಳನ್ನು ನಿದ್ದೆ ಮಾಡಿಸುವ ಉಪಾಯ ಮಾತ್ರ ಎಲ್ಲದರಲ್ಲೂ ಬಂದಿದೆ: ಎಡ್ಜ್‌ನಲ್ಲಿ ಸ್ಲೀಪಿಂಗ್ ಟ್ಯಾಬ್ಸ್, ಕ್ರೋಮ್‌ನಲ್ಲಿ ಮೆಮೊರಿ ಸೇವರ್, ಫೈರ್‌ಫಾಕ್ಸ್ ರ‍್ಯಾಮ್ ಕಡಿಮೆಯಾದಾಗ ತಾನೇ ಹಳೆ ಟ್ಯಾಬ್ ಇಳಿಸುತ್ತದೆ. ಜಾಹೀರಾತು ತಡೆದರೆ ರ‍್ಯಾಮೂ ಉಳಿಯುತ್ತದೆ, ಫ್ಯಾನ್ ಸದ್ದೂ ಕಡಿಮೆಯಾಗುತ್ತದೆ, ಯಾಕೆಂದರೆ ಆ ಕಸವನ್ನು ಓಡಿಸುವುದೂ ನಿಮ್ಮ ಲ್ಯಾಪ್‌ಟಾಪೇ. ಕ್ರೋಮ್, ಎಡ್ಜ್ ಎರಡರಲ್ಲೂ ಸಿಸ್ಟಮ್ ಸೆಟ್ಟಿಂಗ್ಸ್‌ಗೆ ಹೋಗಿ, ಮುಚ್ಚಿದ ಮೇಲೂ ಹಿಂದೆ ಓಡುತ್ತಿರಲಿ ಅನ್ನುವುದನ್ನು ಬಂದ್ ಮಾಡಿ. ಲ್ಯಾಪ್‌ಟಾಪಿನಲ್ಲಿ ಇನ್ನೂ ವಿಂಡೋಸ್ 7 ಇದ್ದರೆ ಅದು ಬೇರೆಯೇ ತಲೆನೋವು. ಅದಕ್ಕೆ ಕ್ರೋಮ್ 2023ರ ಜನವರಿಯ 109ನೇ ಆವೃತ್ತಿಗೇ ನಿಂತುಹೋಗಿದೆ, ಅದರಲ್ಲಿ ಬ್ಯಾಂಕ್ ತೆರೆಯಲೇಬೇಡಿ. ಹಳೆ ಹಾರ್ಡ್ ಡಿಸ್ಕ್ ಬದಲಿಗೆ ಸಾವಿರದ ಲೆಕ್ಕದ ಒಂದು ಎಸ್‌ಎಸ್‌ಡಿ, ಇನ್ನೊಂದು 4 ಜಿಬಿ ರ‍್ಯಾಮ್ ಹಾಕಿಸಿದರೆ ಯಾವ ಬ್ರೌಸರ್ ಬದಲಾಯಿಸಿದ್ದಕ್ಕಿಂತಲೂ ಜಾಸ್ತಿ ಬೇಗ ಆಗುತ್ತದೆ, ಇದು ನನ್ನ ವ್ಯಾಪಾರದ ಮಾತಲ್ಲ, ನೀವು ಶಿರಸಿಯಲ್ಲೇ ಹಾಕಿಸಿಕೊಳ್ಳಿ.

ಫೋನಿಗೆ ಬ್ರೇವ್ ಯಾಕೆ ಅಂದರೆ, ಹಾಕಿದ ಮೇಲೆ ಏನೂ ಮಾಡಬೇಕಾಗಿಲ್ಲ, ತಡೆ ಮೊದಲೇ ಇರುತ್ತದೆ. ಆಂಡ್ರಾಯ್ಡ್ ಫೈರ್‌ಫಾಕ್ಸ್‌ಗೂ ಯುಬ್ಲಾಕ್ ಹಾಕಬಹುದು, ಮಗಳಿಗೆ ಅದೇ ಇಷ್ಟವಾದರೆ ಹಾಕಿಕೊಳ್ಳಲಿ. ಆದರೆ ಅಗ್ಗದ ಫೋನುಗಳಲ್ಲಿ ಅದು ಸ್ವಲ್ಪ ಎಳೆದ ಹಾಗೆ ಅನ್ನಿಸುತ್ತದೆ ನನಗೆ. ಆಂಡ್ರಾಯ್ಡ್ ಕ್ರೋಮ್‌ಗೆ ಎಕ್ಸ್‌ಟೆನ್ಶನ್ ಹಾಕಲು ಬರುವುದಿಲ್ಲ. ಡೇಟಾ ಉಳಿಸುವ ಲೈಟ್ ಮೋಡ್ ಎಂದು ಒಂದಿತ್ತು, ನಮ್ಮ ಕಡೆಯವರಿಗೆ ಅದು ವರವೇ ಆಗಿತ್ತು, 2022ರ ಮಾರ್ಚ್‌ನಲ್ಲಿ ತೆಗೆದುಬಿಟ್ಟರು.

ಹಳಬರು ಕೆಲವರು ಒಪೆರಾ ಮಿನಿ ಬಗ್ಗೆ ಕೇಳುತ್ತಾರೆ. ಕೀಪ್ಯಾಡ್ ಫೋನಿನ ಕಾಲದಲ್ಲಿ ಹೊನ್ನಾವರ ಬಸ್ ಸ್ಟ್ಯಾಂಡಿನಲ್ಲಿ ಕೂತು ಅದರಲ್ಲೇ ರಿಸಲ್ಟ್ ನೋಡಿದವನು ನಾನು. ಅದರ ಗುಟ್ಟು ಏನೆಂದರೆ ಪೇಜು ಮೊದಲು ಒಪೆರಾದ ಸರ್ವರ್‌ಗೆ ಹೋಗಿ, ಅಲ್ಲಿ ಹಿಂಡಿ ಹಿಪ್ಪೆ ತೆಗೆದು ನಿಮಗೆ ಬರುತ್ತಿತ್ತು. ಈಗಲೂ ಜಾಸ್ತಿ ಉಳಿಸುವ ಮೋಡ್‌ನಲ್ಲಿ ಹಾಗೇ. ಅಂದರೆ ನಡುವೆ ಒಬ್ಬರು ಇಣುಕಿ ನೋಡುವ ಜಾಗದಲ್ಲಿ ಕೂತಿರುತ್ತಾರೆ. ಸುದ್ದಿ ಓದಲು ಅಡ್ಡಿಯಿಲ್ಲ, ಪಾಸ್‌ವರ್ಡ್ ಹಾಕುವ ಯಾವುದಕ್ಕೂ ಬೇಡ. ಯುಸಿ ಬ್ರೌಸರ್ ಇನ್ನೂ ಯಾರ ಫೋನಿನಲ್ಲಾದರೂ ಇದ್ದರೆ ಇವತ್ತೇ ತೆಗೆಯಿರಿ, 2020ರ ಜೂನ್‌ನಲ್ಲಿ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಅದೂ ಒಂದು.

ಅತ್ತೆಯವರ ಫೋನ್ ನೀವು ಸುಮ್ನೆ ಲೆಕ್ಕಕ್ಕೆ ಸೇರಿಸಿದ್ದೀರಿ. ನನಗೆ ಜಾಸ್ತಿ ಚಿಂತೆ ಅದರದ್ದೇ. ಅಂಗಡಿಗೆ ವಾರಕ್ಕೆ ಒಂದಾದರೂ ಇಂಥ ಫೋನ್ ಬರುತ್ತದೆ: "ವೈರಸ್ ಬಂದಿದೆ, ಪ್ರತಿ ಹತ್ತು ನಿಮಿಷಕ್ಕೆ ಟಿಣ್ ಅನ್ನುತ್ತದೆ, ಕೆಟ್ಟ ಕೆಟ್ಟ ಚಿತ್ರ ಬರುತ್ತದೆ." ವೈರಸ್ ಅಲ್ಲ. ಭಜನೆಯ ಹಾಡೋ ರಾಶಿ ಭವಿಷ್ಯವೋ ಹುಡುಕುವಾಗ ಯಾವುದೋ ಪೇಜು "ನೀವು ರೋಬೊ ಅಲ್ಲ ಎಂದು ತೋರಿಸಲು ಅಲೋ ಒತ್ತಿ" ಅಂದಿರುತ್ತದೆ, ಅವರು ಒತ್ತಿರುತ್ತಾರೆ. ಅದು ನೋಟಿಫಿಕೇಶನ್ ಕಳಿಸಲು ಕೊಟ್ಟ ಒಪ್ಪಿಗೆ. ಕ್ರೋಮ್‌ನಲ್ಲಿ ಮೂರು ಚುಕ್ಕಿ, ಸೆಟ್ಟಿಂಗ್ಸ್, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್. ಅಲ್ಲಿ ಅಲೋ ಆಗಿರುವ ಸೈಟುಗಳ ಪಟ್ಟಿ ಇರುತ್ತದೆ, ಗುರುತಿಲ್ಲದ್ದನ್ನೆಲ್ಲ ತೆಗೆದು, ಮೇಲಿನ ಸ್ವಿಚ್ಚನ್ನೇ ಬಂದ್ ಮಾಡಿ. ಬ್ರೇವ್ ಹಾಕಿದ ಮೇಲೂ ಅದರಲ್ಲಿ ಇದನ್ನೇ ಮಾಡಿ. ಅತ್ತೆಯವರಿಗೆ ಯಾವ ಸೈಟಿನ ನೋಟಿಫಿಕೇಶನ್ನೂ ಬೇಕಾಗಿಲ್ಲ. ಅಂಥ ನೋಟಿಫಿಕೇಶನ್ ಒತ್ತಿ ಹಣವೇನಾದರೂ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಬ್ಯಾಂಕಿಗೆ ಕ್ರೋಮ್ ಹಾಗೇ ಇರಲಿ ಅಂದೆ ಅಲ್ವಾ, ಕಾರಣ ಸರಳ. ಬ್ಯಾಂಕು, ಸರ್ಕಾರಿ ಸೈಟುಗಳನ್ನು ಕಟ್ಟಿದವರು ಹೆಚ್ಚಾಗಿ ಕ್ರೋಮ್‌ನಲ್ಲೇ ನೋಡಿ ಸರಿಯಿದೆ ಅಂದಿರುತ್ತಾರೆ. ಬಿಗಿಯಾಗಿ ತಡೆಯುವ ಬ್ರೌಸರ್‌ನಲ್ಲಿ ಕೆಲವು ಸಲ ಒಟಿಪಿ ಪೇಜು ತೆರೆಯುವುದೇ ಇಲ್ಲ, ದುಡ್ಡು ಹೋಯಿತೋ ಇಲ್ಲವೋ ಎಂದು ಎದೆ ಡವಡವ. ಆ ಕೆಲಸಕ್ಕೆ ಒಂದು ಬ್ರೌಸರ್ ಬೇರೆ ಇಟ್ಟುಬಿಡಿ, ಎಕ್ಸ್‌ಟೆನ್ಶನ್ ಒಂದೂ ಇಲ್ಲದೆ. ಅದರಲ್ಲಿ ಬೇರೇನೂ ನೋಡಬೇಡಿ. ಬ್ರೇವ್‌ನಲ್ಲೇ ಏನಾದರೂ ಸಿಕ್ಕಿಹಾಕಿಕೊಂಡರೆ ವಿಳಾಸದ ಪಕ್ಕದ ಸಿಂಹದ ಚಿತ್ರ ಒತ್ತಿ ಆ ಸೈಟಿಗಷ್ಟೇ ತಡೆ ತೆಗೆಯಬಹುದು, ಯುಬ್ಲಾಕ್‌ನಲ್ಲಿ ದೊಡ್ಡ ಪವರ್ ಬಟನ್ ಇರುತ್ತದೆ. ಬ್ಯಾಂಕಿನ ಹೆಸರನ್ನು ಗೂಗಲ್‌ನಲ್ಲಿ ಹುಡುಕಿ ಮೊದಲು ಬಂದದ್ದನ್ನು ಒತ್ತುವ ಅಭ್ಯಾಸ ಬಿಡಿ. ಪಾಸ್‌ಬುಕ್‌ನಲ್ಲಿರುವ ವಿಳಾಸ ಒಮ್ಮೆ ಟೈಪ್ ಮಾಡಿ ಬುಕ್‌ಮಾರ್ಕ್ ಮಾಡಿಟ್ಟುಕೊಳ್ಳಿ. ಬೀಗದ ಚಿತ್ರ ಕಂಡರೆ ಸೈಟು ಒಳ್ಳೆಯದು ಎಂದು ಮೊದಲೆಲ್ಲ ಹೇಳುತ್ತಿದ್ದೆವು. ಆ ಬೀಗ ನಡುವೆ ಯಾರೂ ಕದ್ದು ನೋಡುವುದಿಲ್ಲ ಎಂದಷ್ಟೇ ಹೇಳುತ್ತದೆ, ಆ ಕಡೆ ಕೂತವನು ಕಳ್ಳನೋ ಸಾಚಾನೋ ಎಂದಲ್ಲ. ಜನ ತಪ್ಪು ತಿಳಿಯುತ್ತಾರೆ ಎಂದು ಕ್ರೋಮ್ 2023ರಲ್ಲಿ ಆ ಬೀಗದ ಚಿತ್ರವನ್ನೇ ತೆಗೆಯಿತು.

ಎಕ್ಸ್‌ಟೆನ್ಶನ್ ಬಗ್ಗೆ ಒಂದು ಮಾತು. ಯುಬ್ಲಾಕ್ ಒಂದು ಸಾಕು. ಪಿಡಿಎಫ್ ಮಾಡಿಕೊಡುತ್ತೇನೆ, ಉಚಿತ ವಿಪಿಎನ್ ಕೊಡುತ್ತೇನೆ ಅನ್ನುವುದನ್ನೆಲ್ಲ ಹಾಕಬೇಡಿ. ಹಾಕುವಾಗ "ಎಲ್ಲ ಸೈಟುಗಳಲ್ಲಿರುವ ನಿಮ್ಮ ಮಾಹಿತಿಯನ್ನು ಓದಲು, ಬದಲಾಯಿಸಲು" ಎಂದು ಒಪ್ಪಿಗೆ ಕೇಳುತ್ತದಲ್ಲ, ಅದು ನಿಜವಾಗಿಯೂ ಅದೇ ಅರ್ಥ. ನಾನೇ ಒಮ್ಮೆ ಗಡಿಬಿಡಿಯಲ್ಲಿ ಒಂದು ಪಿಡಿಎಫ್ ಎಕ್ಸ್‌ಟೆನ್ಶನ್ ಹಾಕಿ, ಮಾರನೇ ದಿನ ನೋಡಿದರೆ ಹುಡುಕಿದ್ದೆಲ್ಲ ಯಾವುದೋ ಗೊತ್ತಿಲ್ಲದ ಸೈಟಿನ ಮೂಲಕ ಹೋಗುತ್ತಿತ್ತು. ಬೇರೆಯವರ ಕಂಪ್ಯೂಟರಿಗೆ ಬುದ್ಧಿ ಹೇಳುವವನು, ನೋಡಿ.

ಬದಲಾಯಿಸುವಾಗ ಪಾಸ್‌ವರ್ಡ್, ಬುಕ್‌ಮಾರ್ಕ್ ಕಳೆದುಹೋಗುತ್ತವೆ ಎಂಬ ಹೆದರಿಕೆ ಬೇಡ. ಫೈರ್‌ಫಾಕ್ಸ್ ಮೊದಲ ಸಲ ತೆರೆದಾಗ ಹಳೆ ಬ್ರೌಸರ್‌ನಿಂದ ತರಲೇ ಎಂದು ತಾನೇ ಕೇಳುತ್ತದೆ. ಪಾಸ್‌ವರ್ಡ್ ಮಾತ್ರ ಕೆಲವು ಸಲ ಕ್ರೋಮ್‌ನಿಂದ ಫೈಲ್ ಮಾಡಿ ಇಳಿಸಿ, ಇಲ್ಲಿ ಹತ್ತಿಸಬೇಕಾಗುತ್ತದೆ. ಸಿಎಸ್‌ವಿ ಎಂಬ ಫೈಲು ಅದು, ನೋಟ್‌ಪ್ಯಾಡಿನಲ್ಲಿ ತೆರೆದರೆ ಮನೆಯವರೆಲ್ಲರ ಪಾಸ್‌ವರ್ಡೂ ಬಿಡಿಬಿಡಿಯಾಗಿ ಓದಲು ಬರುತ್ತದೆ. ಕೆಲಸ ಮುಗಿದ ತಕ್ಷಣ ಅದನ್ನು ಡೌನ್‌ಲೋಡ್ಸ್‌ನಿಂದ ಡಿಲೀಟ್ ಮಾಡಿ, ರೀಸೈಕಲ್ ಬಿನ್ ಕೂಡ ಖಾಲಿ ಮಾಡಿ. ಕರೆಂಟ್ ಇರುವಾಗಲೇ ಕೂತುಕೊಳ್ಳಿ, ನಡುವೆ ಹೋಗಿಬಿಟ್ಟರೆ ಆ ಫೈಲು ಅಲ್ಲೇ ಇದೆ ಅನ್ನುವುದು ಮರೆತುಹೋಗುತ್ತದೆ.